ಚಪ್ಪಲಿ ಬಿಟ್ಟು ಬಂದ ದೆವ್ವ

"'ಅಬ್ಬಬ್ಬಾ, ಏನು ಸಿನಿಮಾ ರೀ! ನನ್ನ ಎದೆ ಇನ್ನೂ ಡವಡವ ಅಂತಿದೆ. ದೆವ್ವದ ಪಾತ್ರ ಮಾಡಿದವರಿಗೆ ದೊಡ್ಡ ನಮಸ್ಕಾರ!'"

ಪಿಟೀಲು ಫೋನನ್ನು ಮೂಗಿನ ಹತ್ತಿರ ಹಿಡಿದು, ಓದುವವಳ ಹಾಗೆ ಕಣ್ಣನ್ನು ಎಡದಿಂದ ಬಲಕ್ಕೆ ಓಡಿಸುತ್ತ ಹೇಳಿದಳು.

"ಹಾಗಂತ ಬರೆದಿದ್ದಾರಾ?" ಬಟಾಣಿ ಬಿಡಿಸುತ್ತಿದ್ದ ಅಜ್ಜಿ ಕೈ ನಿಲ್ಲಿಸಿ ಕೇಳಿದಳು.

"ಹೂಂ ಅಜ್ಜಿ. ಕೊನೇಲಿ ಚಪ್ಪಾಳೆ ಚಿತ್ರ ಬೇರೆ ಹಾಕಿದ್ದಾರೆ."

ಚಪ್ಪಾಳೆಯೂ ಇರಲಿಲ್ಲ, ನಮಸ್ಕಾರವೂ ಇರಲಿಲ್ಲ. ಫೋನಿನಲ್ಲಿ ಇದ್ದದ್ದೇ ಬೇರೆ: 'ದೆವ್ವ ಬಂದಾಗ ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು.' ಅದನ್ನು ಓದಲು ಪಿಟೀಲಿಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ದೆವ್ವ ಬೇರೆ ಯಾರೂ ಅಲ್ಲ, ಎದುರಿಗೆ ಕೂತಿದ್ದ ಅಜ್ಜಿಯೇ.

ಪಿಟೀಲು ಅನ್ನುವುದು ಅವಳ ನಿಜವಾದ ಹೆಸರೇನಲ್ಲ. ತೊಟ್ಟಿಲಲ್ಲಿದ್ದಾಗ ಸಣ್ಣ ದನಿಯಲ್ಲಿ ಗಂಟೆಗಟ್ಟಲೆ ಕುಯ್ಯೋ ಎಂದು ಅಳುತ್ತಿದ್ದಳಂತೆ. ಅಳು ನಿಂತು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಬಿಟ್ಟು ಹೋಗಲಿಲ್ಲ.

ಸಿನಿಮಾ ಮಾಡಿದವಳು ಅತ್ತೆ, ಅಂದರೆ ಅಪ್ಪನ ತಂಗಿ. ಹಗಲೆಲ್ಲ ಸ್ಟುಡಿಯೋದಲ್ಲಿ ಕೂತು ಬೇರೆಯವರ ಮದುವೆ ವಿಡಿಯೋ ಎಡಿಟ್ ಮಾಡುವುದು ಅವಳ ಕೆಲಸ. ಒಂದು ದಿನ ಅವಳ ತಲೆಯೊಳಗೆ ಹುಳ ಹೊಕ್ಕಿತು. ತಾನೂ ಒಂದು ಹಾರರ್ ಸಿನಿಮಾ ಮಾಡಬೇಕು! ಕೈಯಲ್ಲಿ ಕಾಸಿಲ್ಲದಿದ್ದರೇನು, ಹಟಕ್ಕೆ ಬರವಿರಲಿಲ್ಲ. ಬಣ್ಣ ಹೊಡೆಸಲು ಖಾಲಿ ಮಾಡಿದ್ದ ಪಕ್ಕದ ಬೀದಿಯ ಮಹಡಿ ಮನೆಯ ಬೀಗದ ಕೈಯನ್ನು ಕಾಡಿ ಬೇಡಿ ತಂದಳು. ಟೈಲರ್ ಅಣ್ಣ ಹೀರೋ ಆದ. ದೆವ್ವದ ಗೌನನ್ನೂ ಅವನೇ ಹಳೇ ಬೆಡ್‌ಶೀಟಿನಲ್ಲಿ ಹೊಲಿದುಕೊಟ್ಟ. ಅಪ್ಪ ಟಾರ್ಚ್ ಹಿಡಿದು ಲೈಟಿನವನಾದ. ಬಾಗಿಲು ತಾನಾಗಿಯೇ ಕಿರ್ರೆಂದು ತೆರೆದುಕೊಳ್ಳುವ ಸೀನಿನಲ್ಲಿ ಹಿಂದಿನಿಂದ ಹಗ್ಗ ಎಳೆದದ್ದು ಪಿಟೀಲು.

ದೆವ್ವಕ್ಕೆ ಯಾರೂ ಸಿಗಲಿಲ್ಲ. "ನಾನೇ ಆಗ್ತೀನಿ ಬಿಡೇ," ಅಂದಳು ಅಜ್ಜಿ. "ರಿಟೈರ್ ಆದ್ಮೇಲೆ ಮನೇಲಿ ಕೂತೂ ಕೂತೂ ಬೇಜಾರು." ಅಜ್ಜಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು.

ಹೀಗೆ 'ಮಹಡಿ ಮನೆಯ ನೆರಳು' ತಯಾರಾಗಿ ಇಂಟರ್‌ನೆಟ್ ಏರಿತು. ಏರಿದ ದಿನವೇ ಅತ್ತೆ ಫೋನನ್ನು ಪಿಟೀಲಿನ ಕೈಗೆ ಕೊಟ್ಟಳು.

"ನಾನಂತೂ ಕಾಮೆಂಟ್ಸ್ ನೋಡಲ್ಲಪ್ಪ. ಒಂದು ಕೆಟ್ಟ ಮಾತು ಕಂಡ್ರೆ ವಾರ ಪೂರ್ತಿ ಊಟ ಸೇರಲ್ಲ ನಂಗೆ. ನೀನು ಓದು. ಒಳ್ಳೇದಿದ್ರೆ ಮಾತ್ರ ಹೇಳು."

ಮೊದಲೆರಡು ದಿನ ಒಳ್ಳೆಯವು ಇದ್ದವು. ಅಪ್ಪನ ಗೆಳೆಯರು 'ಸೂಪರ್' ಅಂದಿದ್ದರು. ಟೈಲರ್ ಅಣ್ಣನ ಅಕ್ಕ 'ನನ್ನ ತಮ್ಮ ಹೀರೋ ಥರಾನೇ ಕಾಣ್ತಾನೆ' ಅಂದಿದ್ದರು. ಆಮೇಲೆ ಗುರುತಿಲ್ಲದ ಜನ ನೋಡತೊಡಗಿದರು. ಗುರುತಿಲ್ಲದವರಿಗೆ ದಾಕ್ಷಿಣ್ಯ ಎಲ್ಲಿಂದ ಬರಬೇಕು?

ಸ್ಕೂಲಿನಲ್ಲೂ ಅದೇ ಹಾಡು. "ಏ, ನಿಮ್ಮ ದೆವ್ವ ಬಾಗಿಲ ಹತ್ರ ಚಪ್ಪಲಿ ಬಿಟ್ಟು ಒಳಗೆ ಬಂತಲ್ಲೇ!" ಎಂದು ಪಕ್ಕದಲ್ಲಿ ಕೂರುವ ಹುಡುಗಿ ಹೇಳಿದ್ದೇ ತಡ, ಇಡೀ ಬೆಂಚು ಕಿಸಕ್ಕೆಂದಿತು. ಪಿಟೀಲಿನ ಮುಖ ಹುಳ್ಳಗಾಯಿತು. ಎಲ್ಲರೂ ಅಜ್ಜಿಯನ್ನು ನೋಡಿ ನಗುತ್ತಿದ್ದಾರೆ. ಇದು ಅಜ್ಜಿಯ ಕಿವಿಗೆ ಬೀಳಕೂಡದು.

ಅಜ್ಜಿಗೆ ಫೋನಿನ ಅಕ್ಷರ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಹಾಗಾಗಿ ದಿನಾ ಸಂಜೆ, "ಇವತ್ತೇನು ಬರೆದಿದ್ದಾರೆ, ಓದೇ," ಅನ್ನುತ್ತಿದ್ದಳು. ಒಳ್ಳೆಯವು ಮುಗಿದ ಮೇಲೆ ಪಿಟೀಲು ತಾನೇ ಕಟ್ಟಿ ಹೇಳತೊಡಗಿದಳು. ಅದೇನು ಕಷ್ಟ? 'ಅಬ್ಬಾ', 'ಅಯ್ಯಯ್ಯೋ', 'ಮೈ ಜುಮ್ಮೆಂದಿತು', ಮೂರು ಸೇರಿಸಿದರೆ ಒಂದು ಕಾಮೆಂಟ್.

ಇವತ್ತು ಅವಳಿಗೆ ಇನ್ನಷ್ಟು ಹುರುಪು ಬಂತು. ನಮಸ್ಕಾರದ ಕಾಮೆಂಟ್ ಮುಗಿಸಿ, "ತಾಳು, ಇನ್ನೊಂದಿದೆ ಅಜ್ಜಿ. ಇದಂತೂ ಸಖತ್ತಾಗಿದೆ," ಅಂದಳು.

"'ನಾನು ಮೂರನೇ ಕ್ಲಾಸ್ ಹುಡುಗಿ. ನಿಮ್ಮ ದೆವ್ವ ನೋಡಿದಾಗಿನಿಂದ ಬಾತ್‌ರೂಮಿಗೂ ಒಬ್ಬಳೇ ಹೋಗ್ತಿಲ್ಲ. ಕಣ್ಣು ಮುಚ್ಚಿದ್ರೆ ಆ ಮುಖಾನೇ ಬರುತ್ತೆ. ಅಳು ಬರುತ್ತೆ.'"

ಹೇಳಿ ಮುಗಿಸಿ, ಅಜ್ಜಿ ಹಿಗ್ಗುತ್ತಾಳೆಂದು ತಲೆಯೆತ್ತಿದಳು.

ಅಜ್ಜಿ ಹಿಗ್ಗಲಿಲ್ಲ. ಕೈಯಲ್ಲಿದ್ದ ಬಟಾಣಿ ಕಾಯನ್ನು ಬಿಡಿಸದೆ ಹಾಗೇ ಪಾತ್ರೆಗೆ ಹಾಕಿಬಿಟ್ಟಳು.

"ಅಳ್ತಾಳಂತಾ?"

"ಹೂಂ... ಅಂದ್ರೆ... ಅಷ್ಟು ಚೆನ್ನಾಗಿ ಮಾಡಿದ್ದೀಯ ಅಂತ ಅಜ್ಜಿ!"

"ಪಾಪ, ಅಷ್ಟು ಸಣ್ಣ ಮಗು." ಅಜ್ಜಿ ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಪುಟ್ಟಾ, ಆಸ್ಪತ್ರೇಲಿ ಇಂಜೆಕ್ಷನ್ ಕೊಡ್ತಿದ್ದವಳು ನಾನೇ ತಾನೇ? ನಾನು ವಾರ್ಡ್ ಬಾಗಿಲಿಗೆ ಬಂದ್ರೆ ಸಾಕು, ಮಕ್ಕಳೆಲ್ಲ ಕಿಟಾರನೆ ಕಿರುಚ್ತಿದ್ವು. ಎಷ್ಟು ಮುದ್ದು ಮಾಡಿದ್ರೂ ಅಷ್ಟೇ. ಸಂಕಟ ಆಗ್ತಿತ್ತು ನಂಗೆ. ರಿಟೈರ್ ಆದ ದಿನ, ಸದ್ಯ, ಇನ್ಮೇಲೆ ಯಾವ ಮಗೂನೂ ನನ್ನ ನೋಡಿ ಅಳಲ್ಲ ಅಂದ್ಕೊಂಡಿದ್ದೆ."

ಪಿಟೀಲು ಫೋನನ್ನು ಮೆಲ್ಲಗೆ ಕೆಳಗಿಳಿಸಿದಳು.

"ಏನೋ ಒಂದು ತಮಾಷೆ ಆಟ ಅಂತ ಗೌನ್ ಹಾಕ್ಕೊಂಡೆ," ಅಂದಳು ಅಜ್ಜಿ. "ಮಕ್ಕಳ ನಿದ್ದೆ ಕೆಡಿಸೋ ಆಟ ನಂಗೆ ಬೇಡ. ನಿಮ್ಮತ್ತೆ ಬರ್ಲಿ ಇವತ್ತು. ಆ ಸಿನಿಮಾ ತೆಗೆದುಹಾಕು ಅಂತ ಹೇಳಿಬಿಡ್ತೀನಿ."

ಪಿಟೀಲಿನ ಎದೆ ಈಗ ನಿಜವಾಗಿಯೂ ಡವಡವ ಅಂದಿತು. ಅತ್ತೆ ಬೇರೆ ಯಾರ ಮಾತಿಗಾದರೂ ವಾದ ಮಾಡಿಯಾಳು, ಅಜ್ಜಿ ಬೇಡ ಅಂದರೆ ಮುಗಿಯಿತು. ರಜೆಯ ದಿನಗಳನ್ನೆಲ್ಲ ಸುರಿದು ಮಾಡಿದ ಸಿನಿಮಾ! ಅದು ಹೋಗುವುದು ಯಾರಿಂದ? ಇಲ್ಲದ ಒಬ್ಬ ಮೂರನೇ ಕ್ಲಾಸ್ ಹುಡುಗಿಯಿಂದ.

ಅವಳು ಅವಸರವಾಗಿ ಫೋನನ್ನು ಮತ್ತೆ ಮೂಗಿನ ಹತ್ತಿರ ತಂದಳು. "ಅಜ್ಜಿ, ಅಜ್ಜಿ! ಈಗಷ್ಟೇ ಇನ್ನೊಂದು ಬಂತು. ಅದೇ ಹುಡುಗಿ! 'ಈಗ ನಂಗೆ ಭಯ ಎಲ್ಲಾ ಹೋಯ್ತು, ಥ್ಯಾಂಕ್ಸ್' ಅಂತಿದ್ದಾಳೆ."

"ಇಷ್ಟು ಬೇಗ?"

"ಹೂಂ."

"ಇಲ್ಲ ಪುಟ್ಟಾ, ಮಕ್ಕಳು ದೊಡ್ಡೋರಿಗೆ ಬೇಜಾರಾಗಬಾರದು ಅಂತ ಹಾಗೆ ಹೇಳ್ತವೆ. ಅವಳಮ್ಮನ ನಂಬರ್ ಕೇಳು. ನಾನೇ ಮಾತಾಡ್ತೀನಿ. ದೆವ್ವ ಅಲ್ಲಮ್ಮಾ, ನಾನೂ ನಿನ್ನಂಥ ಒಬ್ಬ ಹುಡುಗಿಯ ಅಜ್ಜಿ ಅಂತ ಆ ಮಗೂಗೆ ಹೇಳ್ತೀನಿ. ಕೇಳು, ಕೇಳು, ಬರಿ ಈಗಲೇ."

ಅಜ್ಜಿ ಪಿಟೀಲಿನ ಪಕ್ಕಕ್ಕೆ ಬಂದು ಕೂತು ಕಾಯತೊಡಗಿದಳು. ಪಿಟೀಲಿನ ಬೆರಳು ಫೋನಿನ ಮೇಲೆ ಹಾಗೇ ನಿಂತಿತು. ನಂಬರ್ ಕೊಡಲು ಆ ಹುಡುಗಿಗೆ ಅಮ್ಮ ಎಲ್ಲಿದ್ದಾಳೆ? ಇನ್ನೊಂದು ಸುಳ್ಳು ಹೇಳಿದರೆ ಅದನ್ನು ಉಳಿಸಲು ಮತ್ತೊಂದು ಬೇಕಾಗುತ್ತದೆ.

"ಅಜ್ಜಿ... ಆ ಹುಡುಗಿ ಇಲ್ಲ."

"ಎಲ್ಲಿಗೆ ಹೋದ್ಲು?"

"ಎಲ್ಲಿಗೂ ಇಲ್ಲ. ಇರ್ಲೇ ಇಲ್ಲ. ನಾನೇ ಮಾಡ್ಕೊಂಡು ಹೇಳಿದ್ದು. ಅವಳದ್ದೂ, ನಮಸ್ಕಾರದವರದ್ದೂ, ನಿನ್ನೆ ಬೆವರು ಕಿತ್ತು ಬಂತು ಅಂದೋರದ್ದೂ." ಮಾತು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು. "ನಿಜವಾಗಿ ಎಲ್ರೂ ನಗ್ತಿದ್ದಾರೆ ಅಜ್ಜಿ. ನಿಂಗೆ ಬೇಜಾರಾಗುತ್ತೆ ಅಂತ..."

ಬೈಗುಳ ಬರುತ್ತದೆಂದು ಅವಳು ಕತ್ತು ಒಳಗೆ ಎಳೆದುಕೊಂಡಳು. ಅಜ್ಜಿಯಿಂದ ಬಂದದ್ದು ಒಂದು ದೊಡ್ಡ ನಿಟ್ಟುಸಿರು.

"ಅಂದ್ರೆ ಯಾವ ಮಗೂನೂ ಅಳ್ತಿಲ್ಲ?"

"ಇಲ್ಲ."

"ಅಬ್ಬ! ಜೀವ ಬಾಯಿಗೆ ತಂದಿದ್ದೆಯಲ್ಲೇ ಕೋತಿ!" ಅಜ್ಜಿ ಅವಳ ತಲೆಗೆ ಮೆಲ್ಲಗೆ ಒಂದು ಮೊಟಕಿದಳು. "ಕಣ್ಣೊರೆಸ್ಕೋ. ನಿಜವಾಗಿ ಏನು ಬರೆದಿದ್ದಾರೆ, ಅದನ್ನ ಓದು ನೋಡೋಣ."

"ಬೇಡ ಅಜ್ಜಿ."

"ಓದೇ."

ಪಿಟೀಲು ಮೂಗು ಎಳೆದುಕೊಂಡು, ತಡೆದು ತಡೆದು ಓದಿದಳು. "'ಬಾಗಿಲ ಹತ್ರ ಚಪ್ಪಲಿ ಬಿಟ್ಟು, ಜೋಡಿಸಿ ಇಟ್ಟು ಒಳಗೆ ಬರೋ ದೆವ್ವ ಇದೇ ಮೊದಲು ನೋಡಿದ್ದು.'"

"ಅಯ್ಯೋ, ಬಿಟ್ನಾ?" ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. "ಮತ್ತೆ ಕಾಲಲ್ಲಿ ಹಾಕ್ಕೊಂಡೇ ಒಳಗೆ ಹೋಗಕ್ಕಾಗುತ್ತಾ!"

"'ರೂಮಿಂದ ಹೋಗುವಾಗ ಲೈಟ್ ಆಫ್ ಮಾಡಿ ಹೋಯ್ತು. ನಮ್ಮನೆ ಮಕ್ಕಳಿಗೂ ಸ್ವಲ್ಪ ಹೇಳಿಕೊಡಮ್ಮ ದೆವ್ವ.'"

ಅಜ್ಜಿಯ ಭುಜ ಕುಲುಕತೊಡಗಿತು.

"'ಕೊಲ್ಲೋಕೆ ಬಂದ ದೆವ್ವ ಕೈ ಹಿಡಿದು ನಾಡಿ ನೋಡ್ತಿದೆ! ಜ್ವರ ಇದೆಯಾ ಇಲ್ವಾ ಅಂತಾದ್ರೂ ಹೇಳಿ ಹೋಗಬಾರದಾ?'"

ಅಜ್ಜಿಗೆ ಇನ್ನು ತಡೆಯಲಾಗಲಿಲ್ಲ. ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. "ನಿಮ್ಮತ್ತೆ ಕತ್ತು ಹಿಡಿ ಅಂತಲೇ ಹೇಳಿದ್ಲು ಕಣೇ! ಮಲಗಿದವರನ್ನ ಕಂಡ್ರೆ ನನ್ನ ಕೈ ತಾನಾಗೇ ಮಣಿಕಟ್ಟಿಗೆ ಹೋಗುತ್ತೆ. ಇಷ್ಟು ವರ್ಷದ ಅಭ್ಯಾಸ, ಏನು ಮಾಡ್ಲಿ!"

ಪಿಟೀಲಿಗೂ ನಗು ಬಂದುಬಿಟ್ಟಿತು. ಬೆಂಚಿನವರು ನಕ್ಕಾಗ ಚುಚ್ಚಿದ್ದ ಮಾತುಗಳೇ ಇವು. ಅಜ್ಜಿಯ ಜೊತೆ ಓದಿದರೆ ಒಂದೂ ಚುಚ್ಚಲಿಲ್ಲ.

"'ಈ ದೆವ್ವಾನ ನಮ್ಮನೆಗೆ ಕಳಿಸಿ. ನನ್ನ ತಂಗಿ ಹೊದಿಕೆ ಒದ್ದು ಮಲಗ್ತಾಳೆ, ಸರಿಯಾಗಿ ಹೊದಿಸಿ ಹೋಗ್ಲಿ.'"

"ಇದನ್ನ ಬರೆದಿರೋದು ಚಿಕ್ಕ ಹುಡುಗ ಅನ್ಸುತ್ತೆ," ಅಂದಳು ಅಜ್ಜಿ. ಅವಳ ನಗು ಸಣ್ಣದಾಗಿ, ಮುಖದ ಮೇಲೆ ಹಾಗೇ ಉಳಿಯಿತು. "ಇನ್ನೊಂದ್ಸಲ ಓದು ಅದನ್ನ."

ಪಿಟೀಲು ಇನ್ನೊಂದು ಸಲ ಓದಿದಳು. ಅಜ್ಜಿ ಖುಷಿಯಾಗಿ ಮತ್ತೆ ಬಟಾಣಿ ಬಿಡಿಸತೊಡಗಿದಳು.

ಬಾಗಿಲು ತೆರೆಯಿತು. ಅತ್ತೆ ಭುಜದ ಬ್ಯಾಗ್ ಇಳಿಸುತ್ತ, "ಏನು, ಅಜ್ಜಿ ಮೊಮ್ಮಗಳ ನಗು ಬೀದಿ ತನಕ ಕೇಳಿಸ್ತಿದೆ?" ಅಂದಳು.

"ಕಾಮೆಂಟ್ ಓದ್ತಿದ್ವಿ," ಅಂದಳು ಅಜ್ಜಿ. "ಬಾ, ಕೂತ್ಕೋ. ನೀನೂ ಕೇಳು."

"ಒಳ್ಳೇದಿದ್ರೆ ಮಾತ್ರ ಓದು ಪಿಟೀಲು."

ಪಿಟೀಲು ಅಜ್ಜಿಯ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. "ಎಲ್ಲಾ ಓದ್ತೀನಿ ಅತ್ತೆ. ಇಷ್ಟು ದಿನ ಓದಿದ್ದು... ನಾನೇ ಮಾಡಿ ಹೇಳಿದ್ದು."

ಅತ್ತೆಯ ಬ್ಯಾಗ್ ದೊಪ್ಪನೆ ಕೆಳಗೆ ಬಿತ್ತು. "ಏನಂದೆ? ಎದೆ ಡವಡವ, ಮೈ ಜುಮ್, ಅದೆಲ್ಲಾ? ಅಡುಗೆಮನೆಯಿಂದ ದಿನಾ ಕೇಳಿಸ್ಕೊಂಡು, ಮುಂದಿನ ಸಿನಿಮಾನೂ ಇದೇ ಥರ ಮಾಡೋಣ ಅಂತ ಕತೆ ಬರೀತಿದ್ನಲ್ಲೇ!"

"ಸಾರಿ ಅತ್ತೆ."

ಅತ್ತೆ ಕುರ್ಚಿಯಲ್ಲಿ ಕುಸಿದು ಕೂತಳು. ಆಮೇಲೆ ಅವಳು, ಕಹಿ ಔಷಧಿಗೆ ಸಿದ್ಧವಾದವಳ ಹಾಗೆ ಕಣ್ಣು ಬಿಗಿಯಾಗಿ ಮುಚ್ಚಿ, "ಓದು," ಅಂದಳು.

"'ಟೈಮ್ ವೇಸ್ಟ್. ಕೊನೇಲಿ ಏನಾದ್ರೂ ಇರುತ್ತೆ ಅಂತ ಪೂರ್ತಿ ನೋಡಿದೆ.'"

"ಪೂರ್ತಿ ನೋಡಿದ್ದಾನಲ್ಲ, ಪುಣ್ಯಾತ್ಮ!" ಅಂದಳು ಅಜ್ಜಿ.

"'ಫ್ಯಾನ್ ಸದ್ದಿಗೆ ಹೀರೋ ಮಾತು ಒಂದೂ ಕೇಳ್ಸಲ್ಲ.'"

ಅತ್ತೆ ಒಂದು ಕಣ್ಣು ತೆರೆದಳು. "ಸೆಕೆ ಅಂತ ಟೈಲರ್ ಹಾಕ್ಕೊಂಡಿದ್ದ. ಎಡಿಟ್ ಮಾಡುವಾಗ ನಂಗೂ ಕೇಳಿಸಿತ್ತು. ಯಾರಿಗೂ ಗೊತ್ತಾಗಲ್ಲ ಅಂತ ಬಿಟ್ಟೆ."

"'ಕತ್ತಲು ಜಾಸ್ತಿ ಆಯ್ತು. ದೆವ್ವ ಯಾವುದು, ಬೀರು ಯಾವುದು ಗೊತ್ತಾಗ್ಲಿಲ್ಲ. ಆದ್ರೆ ಬಾಗಿಲು ತೆರೆಯೋ ಸೀನು ಮಾತ್ರ ಬೆಂಕಿ.'"

"ಹೌದಾ?" ಅತ್ತೆಯ ಇನ್ನೊಂದು ಕಣ್ಣೂ ತೆರೆದುಕೊಂಡಿತು. "ಕೊಡಿಲ್ಲಿ ನೋಡೋಣ. ಹೂಂ... ಬೀರು ವಿಷಯ ಸರಿ ಹೇಳಿದ್ದಾನೆ. ಟಾರ್ಚ್ ಇನ್ನೊಂದು ಬೇಕಿತ್ತು. ಅಮ್ಮಾ, ನೀನು ಚಪ್ಪಲಿ ಬಿಟ್ಟಿದ್ದು ನಾನು ನೋಡೇ ಇಲ್ಲ!"

ಅತ್ತೆ ಕಾಮೆಂಟುಗಳ ಜೊತೆ ಜಗಳಕ್ಕೇ ನಿಂತಳು. ಒಬ್ಬರಿಗೆ "ನಿಂಗೇನು ಗೊತ್ತು" ಅಂದಳು, ಇನ್ನೊಬ್ಬರಿಗೆ "ಒಪ್ಪಿದೆ ಮಹಾರಾಯ" ಅಂದಳು. ಊಟ ಸೇರದವಳ ಮುಖ ಅದಲ್ಲ. ಬಾಯಾಡಿಸುತ್ತ ಅರ್ಧ ಪಾತ್ರೆ ಹಸಿ ಬಟಾಣಿ ಖಾಲಿ ಮಾಡಿದ್ದಳು.

ಪಿಟೀಲು ಸುಮ್ಮನೆ ನೋಡುತ್ತ ಕೂತಳು. ಈ ಗುರುತಿಲ್ಲದ ಜನ ಎಷ್ಟೊಂದು ನೋಡಿದ್ದಾರೆ! ಚಪ್ಪಲಿ, ಸ್ವಿಚ್, ಮಣಿಕಟ್ಟು, ಫ್ಯಾನು, ಬೀರು. ಅವಳು ಮನಸ್ಸಿನಲ್ಲೇ ಹುಟ್ಟಿಸಿದ ಜನ ಅಷ್ಟೊಂದು ಹೊಗಳಿದ್ದರು. ಅವರಲ್ಲಿ ಒಬ್ಬರೂ ಸಿನಿಮಾ ನೋಡಿದ ಹಾಗೇ ಇರಲಿಲ್ಲ.

"ಪಿಟೀಲು," ಅತ್ತೆ ಫೋನಿನಿಂದ ತಲೆಯೆತ್ತಿದಳು. "ಎಲ್ಲರದ್ದೂ ಆಯ್ತು. ನಿಂಗೆ ಹೇಗನ್ನಿಸ್ತು ಸಿನಿಮಾ?"

'ಸೂಪರ್ ಅತ್ತೆ' ಎಂಬ ಮಾತು ನಾಲಿಗೆಯ ತುದಿಗೆ ಬಂದೇ ಬಿಟ್ಟಿತ್ತು. ಪಿಟೀಲು ಅದನ್ನು ನುಂಗಿಕೊಂಡಳು. ಸಿನಿಮಾವನ್ನು ಮೊದಲಿಂದ ನೆನಪಿಸಿಕೊಂಡಳು.

"ಟೈಲರ್ ಅಣ್ಣ ಮೆಟ್ಟಿಲು ಹತ್ತೋ ಸೀನು..."

"ಹೂಂ?"

"ತುಂಬಾ ಉದ್ದ ಆಯ್ತು ಅತ್ತೆ. ನಂಗೆ ಬೋರಾಯ್ತು. ಮಧ್ಯದಲ್ಲೇ ಕಟ್ ಮಾಡಿದ್ರೆ ಭಯ ಆಗ್ತಿತ್ತು."

ಅಜ್ಜಿ ಪಿಟೀಲಿನ ಕಡೆ ನೋಡಿದಳು. ಅತ್ತೆಯೂ ನೋಡಿದಳು. ಆಮೇಲೆ ಅತ್ತೆ ಎದ್ದು ಲ್ಯಾಪ್‌ಟಾಪ್ ತಂದು ಮೇಜಿನ ಮೇಲೆ ತೆರೆದಳು. ಇನ್ನೊಂದು ಕುರ್ಚಿಯನ್ನು ಎಳೆದು ತನ್ನ ಕುರ್ಚಿಗೆ ಒತ್ತಿ ಹಾಕಿದಳು.

"ಬಾ ಇಲ್ಲಿ. ಯಾವ ಮೆಟ್ಟಿಲಲ್ಲಿ ಕಟ್ ಮಾಡ್ಬೇಕು, ತೋರ್ಸು."

ಪಿಟೀಲು ಅತ್ತೆಯ ಪಕ್ಕ ಕೂತಳು. ಟೈಲರ್ ಅಣ್ಣ ಮೆಟ್ಟಿಲು ಹತ್ತತೊಡಗಿದ. ಅವಳು ಮುಂದಕ್ಕೆ ಬಾಗಿ, ಕಣ್ಣು ಮಿಟುಕಿಸದೆ ನೋಡಿದಳು.