ಸಾಕು ಎಂಬ ಮಾತು

ಚಿಪ್ಪಿನೊಳಗೆ ಸಿದ್ರಾಮ ಸಾಯುತ್ತಿದ್ದ. ಹೊರಗಿನಿಂದ ನೋಡುವವರಿಗೆ ಅವನು ಬೆಳಗಾವಿ ಆಚೆಯ ತರಬೇತಿ ಕೇಂದ್ರದಲ್ಲಿ ಜಮಖಾನೆಯ ಮೇಲೆ ಅಂಗಾತ ಮಲಗಿದ ಸಿಪಾಯಿ, ಅಷ್ಟೇ. ತಲೆಗೆ ತೆಂಗಿನ ಚಿಪ್ಪಿನಂಥ ಕವಚ. ಅದರ ಒಳಮೈಯ ನವಿರು ತಂತಿಗಳು ಮಿದುಳಿಗೆ ವಿದ್ಯುತ್ ಸಂಕೇತ ಕಳಿಸುತ್ತವೆ. ಆಗದ ಸ್ಫೋಟ ಕೇಳಿಸುತ್ತದೆ, ತಗಲದ ಗುಂಡಿಗೆ ತೊಡೆ ಉರಿಯುತ್ತದೆ, ಸುಟ್ಟ ಮಾಂಸದ ವಾಸನೆಯೂ ಬರುತ್ತದೆ.

"ಸಾಕು!" ಎಂದು ಸಿದ್ರಾಮ ಕೂಗಿದ.

ದೀಪಗಳು ಹತ್ತಿದವು. ಸತ್ತವನು ಚಿಪ್ಪು ತೆಗೆದು ಎದ್ದು ಕೂತ. ಪಕ್ಕದಲ್ಲಿ ಸತ್ತಿದ್ದ ಗೆಳೆಯನ ಬೆನ್ನಿಗೊಂದು ಗುದ್ದಿದ. ಇಬ್ಬರೂ ನಗುತ್ತ ಚಹಾಕ್ಕೆ ಹೋದರು.

ಆ ಮಾತನ್ನು ಇಟ್ಟವರು ಚಿಪ್ಪನ್ನು ಕಂಡುಹಿಡಿದ ಡಾ. ಇಂದುಮತಿ ಸವದತ್ತಿ. ಭಯ ಮಿತಿ ಮೀರಿದರೆ ಎದೆ ಒಡೆದೀತು, ಯಂತ್ರ ನಿಲ್ಲಿಸಲು ಬಾಯಿಗೆ ಸುಲಭವಾಗಿ ಬರುವ ಮಾತೊಂದಿರಲಿ ಎಂದು ಯೋಚಿಸಿ, ಊಟಕ್ಕೆ ಕೂತವರು ಬಡಿಸುವವರಿಗೆ ಹೇಳುವ ಮಾತನ್ನೇ ಆರಿಸಿದ್ದರು. ಒಳ್ಳೆಯ ಮನಸ್ಸಿನಿಂದಲೇ ಇಟ್ಟ ಮಾತು, ಅದನ್ನು ಮರೆಯಬಾರದು. ಯುದ್ಧ ಕಂಡವರನ್ನೇ ಯುದ್ಧಕ್ಕೆ ಕಳಿಸುತ್ತಿದ್ದೇವೆ ಎಂದು ಪತ್ರಿಕೆಗಳು ಬರೆದವು. ಪತ್ರಿಕೆಗಳಿಗೇನು, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವಂಥವು.

"ನಮ್ಮ ಹುಡುಗೂರಿಗೆ ಈಗ ಅಂಜಿಕೀನ ಇಲ್ರಿ ಮೇಡಂ," ಎಂದು ತರಬೇತಿ ಕೊಡುವ ಸುಬೇದಾರ್ ಯಮನಪ್ಪ ಮೀಸೆ ತಿರುವಿದ್ದರು.

ಆ ಚಳಿಗಾಲ ಗಡಿಯಲ್ಲಿ ಕಾಳಗ ಹತ್ತಿತು. ಸಿದ್ರಾಮನ ತುಕಡಿಯ ಜೊತೆ ಹೋಗಿದ್ದ ಯಮನಪ್ಪ ಎಡಗೈಗೆ ಪಟ್ಟಿ ಕಟ್ಟಿಕೊಂಡು ಮರಳಿದರು. ಇಂದುಮತಿ ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಸಿದ್ರಾಮನ ಗೆಳೆಯಗ ಮೊದಲ ಗುಂಡು ಬಿತ್ರಿ. ಸಿದ್ರಾಮ ದೊಡ್ಡ ಬಂಡೆಗಲ್ಲಿನ ಹಿಂದ ಇದ್ದ. ಅಲ್ಲೇ ಇದ್ದಿದ್ರ ಉಳೀತಿದ್ದ."

"ಮತ್ತೇನಾಯ್ತು?"

"'ಸಾಕು' ಅಂತ ಒದರಿದನ್ರಿ. ಒದರಿ ಎದ್ದು ನಿಂತ. ತಲೀ ಮ್ಯಾಲಿನ ಹೆಲ್ಮೆಟ್ ತಗದ. ದೀಪ ಹತ್ತೂದು ಕಾಯಾಕತ್ತಿದ್ದ ಮೇಡಂ ಅವ."

"ನಾನು ಕೊಂದೆ ಅವನನ್ನು," ಎಂದರು ಇಂದುಮತಿ.

"ಅದರಾಗ ನಾನೂ ಅದೀನ್ರಿ. ಗಟ್ಟ್ಯಾಗಿ ಒದರ್ರಿ ಅಂತ ಕಲಿಸಿದಾವ ನಾನ."

ಸೋಮವಾರ ಇನ್ನೊಂದು ತುಕಡಿ ಹೊರಡುವುದಿತ್ತು. ಅವರೂ ಅದೇ ಮಾತು ಕಲಿತವರೇ. ಇಂದುಮತಿ ಅಂದೇ ಯಂತ್ರದಿಂದ ಆ ಮಾತನ್ನು ಅಳಿಸಿ, ಚಿಪ್ಪನ್ನು ತಾವೇ ತೊಟ್ಟು ಮಲಗಿದರು. ಒಳಗೆ ಕೂಗಿದರು, ಬೇಡಿಕೊಂಡರು, ದೀಪ ಹತ್ತಲಿಲ್ಲ. ಕೊನೆಗೆ ಯಮನಪ್ಪ ಚಿಪ್ಪು ಕಿತ್ತಾಗ ವಾಂತಿ ಮಾಡಿಕೊಂಡರು. ಆದರೂ ಒಂದು ವಿಷಯ ಅವರನ್ನು ಕೊರೆಯಿತು. ಅಷ್ಟು ನರಳುವಾಗಲೂ, ಇದನ್ನು ತೆಗೆಯುವ ಕೈಯೊಂದು ಹೊರಗಿದೆ ಎಂಬುದು ಅವರಿಗೆ ಗೊತ್ತಿತ್ತು. ಆ ಅರಿವನ್ನು ಅಳಿಸುವ ತಂತಿ ಅವರ ಬಳಿ ಇರಲಿಲ್ಲ.

ಶನಿವಾರ ದಿಲ್ಲಿಯಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ಕನ್ನಡದವರೇ, ಸೌಮ್ಯ ಸ್ವಭಾವದವರು.

"ಸರ್, ಈ ಹುಡುಗರು ಕಲಿತದ್ದನ್ನು ಮೊದಲು ಮರೆಸಬೇಕು. ತುಕಡಿಯನ್ನು ತಡೆಯಿರಿ," ಎಂದರು ಇಂದುಮತಿ.

"ಒಬ್ಬ ಹುಡುಗ ಗಾಬರಿಯಾದ ಅಂತ ಎಲ್ಲ ನಿಲ್ಲಿಸೋಕಾಗುತ್ತೇನಮ್ಮ?"

"ಹಾಗಾದರೆ ಒಮ್ಮೆ ನೀವೂ ಚಿಪ್ಪು ಹಾಕಿಕೊಂಡು ನೋಡಿ."

ಅವರು ನಕ್ಕರು. "ನಂಗ್ಯಾಕಮ್ಮ? ನಾನೇನು ಅಲ್ಲಿಗೆ ಹೋಗೋನಲ್ಲವಲ್ಲ."

ಅಷ್ಟರಲ್ಲಿ ಯಮನಪ್ಪ ಬಲಗೈಯಲ್ಲಿ ಕೆಟಲಿ ಹಿಡಿದು ಅವರ ಕಪ್ಪಿಗೆ ಚಹಾ ಸುರಿಯತೊಡಗಿದರು. ಅಧಿಕಾರಿ ಕಪ್ಪಿನ ಮೇಲೆ ಅಂಗೈ ಅಡ್ಡ ಹಿಡಿದು, "ಸಾಕು, ಸಾಕು," ಎಂದರು.

ಕೆಟಲಿ ಅಲ್ಲೇ ನಿಂತಿತು. ಯಮನಪ್ಪ ಇಂದುಮತಿಯವರ ಮುಖ ನೋಡಿದರು.

"ಸರ್, ಆ ಮಾತು ಗಡಿಯ ಗುಡ್ಡದ ಮೇಲೆ ನಡೆಯೋದಿಲ್ಲ," ಎಂದರು ಇಂದುಮತಿ. "ನಿಮ್ಮ ಬಾಯಿಂದ ಬಂದರೆ ಮಾತ್ರ ನಡೆಯುತ್ತೆ."

ಅವರಿಗೆ ಅರ್ಥವಾಗಲಿಲ್ಲ. ಚಹಾ ಚೆನ್ನಾಗಿದೆ ಎಂದರು. ಸೋಮವಾರ ತುಕಡಿ ಹೊರಟಿತು.

ಇದೆಲ್ಲ ನಡೆಯುವುದಕ್ಕೆ ಇನ್ನೂ ನಲವತ್ತು ವರ್ಷವಿದೆ. ಸಿದ್ರಾಮ ಇನ್ನೂ ಹುಟ್ಟಿಲ್ಲ. ಆ ಅಧಿಕಾರಿ ಮಾತ್ರ ಹುಟ್ಟಿದ್ದಾರೆ, ಈಗ ಯಾವುದೋ ಶಾಲೆಗೆ ಹೋಗುತ್ತಿದ್ದಾರೆ. ಮನೆಗೆ ಬಂದು ಊಟಕ್ಕೆ ಕೂತು, ತಾನು ಸಾಕು ಎಂದ ಕೂಡಲೇ ಅಮ್ಮನ ಕೈ ನಿಲ್ಲುವುದನ್ನು ನೋಡುತ್ತಿದ್ದಾರೆ.