ಏಳನೇ ಮಳಿಗೆಯ ನೆಲ

೧೯೬೧ರಲ್ಲಿ ದೊಡ್ಡಬಳ್ಳಾಪುರದ ಪೇಟೆಬೀದಿಯಲ್ಲಿ ಸೊಣ್ಣಪ್ಪನೆಂಬ ಸಾಹುಕಾರ ಜಾಗ ಬಿಟ್ಟುಕೊಡದ ನೇಕಾರರ ಮನೆಯೊಂದರ ಗೋಡೆಗೆ ಹಗ್ಗ ಕಟ್ಟಿ ಎಳೆಸಿದ. ಒಳಗೆ ಬೈರಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ನೇಯುತ್ತಿದ್ದ. ಗೋಡೆ ಅವನ ಮೇಲೆ ಬಿತ್ತು. ಹೆಣ ತೆಗೆಯಲಿಲ್ಲ. ಮಣ್ಣು ತುಂಬಿ, ದಿಮ್ಮಸಿನಿಂದ ಬಡಿದು, ಕಲ್ಲು ಹಾಸಿದರು. ಗಂಡ ಊರು ಬಿಟ್ಟು ಓಡಿಹೋದನೆಂದು ಅವನ ಹೆಂಡತಿ ಮುತ್ತಮ್ಮನಿಗೆ ಹೇಳಿದರು.

ಆ ನೆಲದ ಮೇಲೆ ಸೊಣ್ಣಪ್ಪ ಎರಡಂತಸ್ತಿನ ದೊಡ್ಡ ಸ್ಟೋರ್ಸ್ ಎಬ್ಬಿಸಿದ. ಗುಂಡುಸೂಜಿಯಿಂದ ತೇಗದ ಮಂಚದವರೆಗೆ ಎಲ್ಲವೂ ಒಂದೇ ಸೂರಿನಡಿ. ದೇವನಹಳ್ಳಿಯಿಂದ ಗಾಡಿ ಕಟ್ಟಿಕೊಂಡು ಬಂದ ಜನ ಚಪ್ಪಲಿ ಹೊರಗೆ ಬಿಟ್ಟು, ಗುಡಿ ಹೊಕ್ಕಂತೆ ಒಳಗೆ ಹೋಗುತ್ತಿದ್ದರು. ಆದರೆ ನಡುಹಜಾರದಲ್ಲಿಟ್ಟ ಸೀರೆಗಳು ಪೆಟ್ಟಿಗೆಯಲ್ಲೇ ನುಸಿ ಹಿಡಿದವು. ಹೊಸ ಪಂಚೆ ಬಿಚ್ಚಿದರೆ ಹುಳಿ ಗಂಜಿಯ ನಾತ. ಒಂದೊಂದೇ ವಿಭಾಗ ಮುಚ್ಚಿ, ಹನ್ನೆರಡು ವರ್ಷಕ್ಕೆ ಇಡೀ ಸ್ಟೋರ್ಸಿಗೆ ಬೀಗ ಬಿತ್ತು. ಆಗ ಸೊಣ್ಣಪ್ಪ ಬೆಂಗಳೂರಿನಲ್ಲಿ ಹೊಸದೊಂದನ್ನು ನೋಡಿ ಬಂದ. ಆ ದೊಡ್ಡ ಹಜಾರಕ್ಕೆ ಅಡ್ಡಗೋಡೆ ಕಟ್ಟಿಸಿ, ಇಪ್ಪತ್ತು ಮಳಿಗೆ ಮಾಡಲು ಹೊರಟು, ಶಾಪಿಂಗ್ ಕಾಂಪ್ಲೆಕ್ಸ್ ಎಂದು ಬೋರ್ಡು ಬರೆಸಿದ.

ಅಡ್ಡಗೋಡೆ ಕಟ್ಟಲು ಬಂದವನು ಪಿಲ್ಲಗುಂಪೆಯ ಮೇಸ್ತ್ರಿ ಪಿಳ್ಳಪ್ಪ. ಯುಗಾದಿಯೊಳಗೆ ಕೆಲಸ ಮುಗಿದರೆ ಏಳನೇ ಮಳಿಗೆ ಬಾಡಿಗೆಯಿಲ್ಲದೆ ನಿನ್ನದು ಎಂದಿದ್ದ ಸಾಹುಕಾರ. ಹೆಂಡತಿ ಅಂಜಿನಮ್ಮ ಇಟ್ಟಿಗೆ ಹೊತ್ತು ನೆತ್ತಿ ಬೋಳಾಗಿದ್ದಳು. ಅವಳನ್ನು ಆ ಮಳಿಗೆಯ ನೆರಳಿನಲ್ಲಿ, ಬಳೆ ರಿಬ್ಬನ್ನುಗಳ ನಡುವೆ ಕೂರಿಸಬೇಕೆಂಬುದೊಂದೇ ಅವನ ಆಸೆ.

ಏಳನೇ ಮಳಿಗೆಯ ಪಾಯಕ್ಕೆ ದಾರ ಹಿಡಿದ ಬೆಳಿಗ್ಗೆ ಕಸಗುಡಿಸುವ ಮುತ್ತಮ್ಮ ಬಂದು ನಿಂತಳು. ಊರಿನ ಬಾಯಿ ಮುಚ್ಚಿಸಲು ಸೊಣ್ಣಪ್ಪ ಅವಳಿಗೆ ಕೊಟ್ಟಿದ್ದ ಕೆಲಸ ಅದು. ಗಂಡ ಓಡಿಹೋದನೆಂಬ ಮಾತನ್ನು ಅವಳು ಒಂದು ದಿನವೂ ನಂಬಿರಲಿಲ್ಲ.

"ಅಗೀರಪ್ಪಾ, ನಾನೇನ್ ಬ್ಯಾಡ ಅನ್ನಲ್ಲ. ಸಿಕ್ಕಿದ್ದನ್ನ ಮಾತ್ರ ಸಿಗ್ಲಿಲ್ಲ ಅನ್ಬ್ಯಾಡಿ."

"ಏನಕ್ಕಾ, ನಿಧಿ ಗಿಧಿ ಹೂತಿದ್ದೀಯಾ? ಅರ್ಧ ನಿಂಗೇ ಬಿಡು," ಎಂದ ಪಿಳ್ಳಪ್ಪ. ಆಳುಗಳು ಗೊಳ್ಳೆಂದರು.

ಮುತ್ತಮ್ಮ ನಗಲಿಲ್ಲ. "ಹನ್ನೆರಡು ವರ್ಷದಿಂದ ಅಮಾಸೆ ಅಮಾಸೆಗೂ ಈ ನೆಲಕ್ಕೆ ಆಣೆ ಇಟ್ಟು ನೂಲಿನ ಎಳೆ ಕಟ್ಟಿದ್ದೀನಿ. ಕಂಡೂ ಕಾಣ್ಲಿಲ್ಲ ಅಂದೋನ ಕಾಲು ಅವನ ಮಾತು ಕೇಳಲ್ಲ, ತಿಳ್ಕೊ."

"ನನ್ ಕಾಲು ನನ್ ಹೆಂಡ್ತಿ ಮಾತೂ ಕೇಳಲ್ಲ, ಹೋಗಕ್ಕಾ!"

ಮಧ್ಯಾಹ್ನ ಆಳುಗಳು ಮುದ್ದೆ ಉಣ್ಣಲು ಹೋದರು. ಪಿಳ್ಳಪ್ಪನೊಬ್ಬನೇ ಹಾರೆ ಹಾಕುತ್ತಿದ್ದ. ಬೀದಿಯಲ್ಲಿ ಕಣ್ಣು ಕುಕ್ಕುವ ಬಿಸಿಲು. ರೋಲಿಂಗ್ ಷಟರ್ ಇಳಿಸಿದ ಹಜಾರದೊಳಗೆ ಮಾತ್ರ ಬಾವಿಯ ಕತ್ತಲು. ಮೂರಡಿ ಇಳಿದಿದ್ದೇ ನಾತ ಎದ್ದಿತು. ಗಂಜಿ. ಈಗತಾನೇ ನೂಲಿಗೆ ಹಚ್ಚಿದಂಥ ಹಸಿ ಗಂಜಿ. ಹಾರೆಗೆ ಮರ ತಾಗಿತು. ಕೈಯಿಂದ ಮಣ್ಣು ಸರಿಸಿದ. ಎರಡು ಪಾದಗಳ ಎಲುಬು, ಮಗ್ಗದ ತುಳಿಹಲಗೆಯ ಮೇಲೆ, ತುಳಿಯುತ್ತಿದ್ದ ಹಾಗೇ ಇದ್ದವು.

ಪಿಳ್ಳಪ್ಪ ಸಾಹುಕಾರನ ಮನೆಗೆ ಓಡಿದ. ಸೊಣ್ಣಪ್ಪ ಊಟದ ಎಲೆಯ ಮುಂದಿದ್ದ. ಕೇಳಿದ, ಎದ್ದು ಕೈ ತೊಳೆದ, ಗೂಟದಿಂದ ಬೀಗದಕೈ ತೆಗೆದು ಪಿಳ್ಳಪ್ಪನ ಅಂಗೈಗೆ ಒತ್ತಿದ.

"ಏಳನೇದಕ್ಕೆ ಹಾಕೋ ಬೀಗದ್ದು. ಯುಗಾದಿ ತನಕ ಯಾಕೆ ಕಾಯ್ತೀಯ? ಈಗ ಹೋಗಿ ಮಣ್ಣೆಳಿ. ಸಂಜೆ ಮೇಲೆ ಕಾಂಕ್ರೀಟು ಸುರಿಸ್ಬಿಡು. ನೀನೇನೂ ನೋಡಿಲ್ಲ."

ಪಿಳ್ಳಪ್ಪ ಬಂದು ಮಣ್ಣೆಳೆದ. ತಲೆಯೆತ್ತಿದರೆ ಪೊರಕೆ ಹಿಡಿದ ಮುತ್ತಮ್ಮ.

"ಏನಾರ ಸಿಕ್ತೇನಪ್ಪಾ?"

ಗದರಿಕೆಯಿರಲಿಲ್ಲ ಆ ದನಿಯಲ್ಲಿ. ಕಾದು ಕಾದು ಸವೆದ ದನಿ. ಅವಳ ಹಣೆಯಲ್ಲಿ ಕುಂಕುಮವಿತ್ತು. ಇಡಬೇಕೋ ಅಳಿಸಬೇಕೋ ತಿಳಿಯದೆ ಹನ್ನೆರಡು ವರ್ಷ ಇಟ್ಟುಕೊಂಡ ಕುಂಕುಮ. ಪಿಳ್ಳಪ್ಪನ ಮುಷ್ಟಿಯೊಳಗೆ ಬೀಗದಕೈ ಬೆವೆತಿತ್ತು.

"ಇಲ್ಲಕ್ಕಾ. ಬರೀ ಮಣ್ಣು."

"ಸರಿ ಬಿಡಪ್ಪಾ," ಎಂದು ಅವಳು ಅಲ್ಲೇ ಕಂಬಕ್ಕೊರಗಿ ಕೂತಳು.

ಅವನ ಬಲಗಾಲು ಎದ್ದಿತು.

ಅವನು ಎತ್ತಿರಲಿಲ್ಲ. ಅದೇ ಎದ್ದಿತು. ಇಳಿಯಿತು. ಎಡಗಾಲು ಎದ್ದಿತು. ಟಕ್. ಟಕ್. ಕಾಲುಗಳು ಅವನನ್ನು ಪಾಯದ ಅಂಚಿಗೆ ನಡೆಸಿದವು. ಕಂಬ ತಬ್ಬಿದ. ಹಿಡಿದ ಕೈ ಕಳಚಿತು. ಊಟ ಮುಗಿಸಿ ಬಂದ ನಾಲ್ವರು ಆಳುಗಳು ಸೊಂಟ ಹಿಡಿದೆಳೆದರು. ನಾಲ್ವರನ್ನೂ ಎಳೆದುಕೊಂಡೇ ಆ ಕಾಲುಗಳು ಗುಂಡಿಗಿಳಿದವು. ಮಣ್ಣು ಸೀಳಿತು. ಅಡಿಯಲ್ಲಿ ಹಲಗೆ ಸಿಕ್ಕಿತು. ಟಕ್. ಅದು ಒತ್ತಿಕೊಂಡಿತು. ಟಕ್. ಒತ್ತಿದಷ್ಟೂ ಮೇಲೆದ್ದಿತು. ಕಾಲ್ಬೆರಳ ಸಂದಿಯಲ್ಲಿ ಒದ್ದೆ ಎಳೆಗಳು. ಪಾದ ಸುತ್ತಿದವು. ಮೀನಖಂಡ ಸುತ್ತಿದವು. ಬಿಗಿದವು. ಚರ್ಮ ಕೊಯ್ದವು. ಮೂಗಿನ ತುಂಬ ಗಂಜಿ. ಬಾಯಿ ತುಂಬ ಗಂಜಿ. ಕಿವಿಯ ಪಕ್ಕದಲ್ಲೇ ಯಾರದೋ ಉಸಿರು. ದುಡಿಯುವವನ ಉಸಿರು. ಟಕ್. ಟಕ್. ಟಕ್.

"ಅಕ್ಕಾ! ಇದ್ದಾನೆ! ನಿನ್ ಗಂಡ ಇಲ್ಲೇ ಇದ್ದಾನೆ! ನೋಡಿದೆ! ನೋಡಿದ್ರೂ ಸುಳ್ಳು ಹೇಳ್ಬಿಟ್ಟೆ!"

ಎಡಗಾಲು ನಿಂತಿತು. ಬಲಗಾಲು ನಿಲ್ಲಲಿಲ್ಲ.

ಆಳುಗಳು ಅವನನ್ನು ಮೇಲೆಳೆದು ಮಲಗಿಸಿದರು. ಮುತ್ತಮ್ಮ ಗುಂಡಿಗಿಳಿದು ಎರಡೂ ಕೈಯಿಂದ ಮಣ್ಣು ಗೋರತೊಡಗಿದಳು. ಅವಳು ಅಳುತ್ತಿರಲಿಲ್ಲ. ಪಿಳ್ಳಪ್ಪ ಅಳುತ್ತಿದ್ದ.

"ಇದನ್ನೂ ನಿಲ್ಸಕ್ಕಾ..."

"ಕಟ್ಟೋಕೆ ಗೊತ್ತಿತ್ತು, ಕಟ್ಟಿದೆ. ಬಿಚ್ಚೋದು ನಂಗ್ಗೊತ್ತಿಲ್ಲ ಕಣಪ್ಪಾ," ಎಂದಳು ಅವಳು, ಗೋರುವುದನ್ನು ನಿಲ್ಲಿಸದೆ.

ಷಟರ್ ಕಿರುಗುಟ್ಟಿತು. ಸೊಣ್ಣಪ್ಪ ಬಗ್ಗಿ ಒಳಬಂದ. ಗುಂಡಿಯನ್ನೂ ಅದರೊಳಗಿನ ಹೆಂಗಸನ್ನೂ ನೋಡಿದ. ಪಾಯಕ್ಕೆ ತಂದಿಟ್ಟ ಜಲ್ಲಿ ಸಿಮೆಂಟಿನ ರಾಶಿ ಪಕ್ಕದಲ್ಲೇ ಇತ್ತು.

"ಅವಳಿಗೆ ತಲೆ ಕೆಟ್ಟಿದೆ, ಎಳೆದಾಕ್ರೋ. ಲೇ ಪಿಳ್ಳಪ್ಪ, ನೀನು ಹೇಳಿದ್ರೆ ಕೇಳ್ತಾರೆ. ಕಾಂಕ್ರೀಟು ಕಲಸಿ ಸುರೀರಿ ಅನ್ನು. ಕಾರು ಹೊರಗಿದೆ, ಬೆಂಗಳೂರಿನ ದೊಡ್ಡ ಡಾಕ್ಟ್ರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ಕಾಲು ಬೇಕಾ ಬ್ಯಾಡ್ವಾ? ಮಳಿಗೆ ಬೇಕಾ ಬ್ಯಾಡ್ವಾ?"

ಆಳುಗಳು ಮೇಸ್ತ್ರಿಯ ಮುಖ ನೋಡಿದರು. ಅವನ ಬಲಗಾಲು ನೆಲ ಬಡಿಯುತ್ತಲೇ ಇತ್ತು. ಹಿಮ್ಮಡಿ ಒಡೆದು ಕಲ್ಲೆಲ್ಲ ಕೆಂಪಾಗಿತ್ತು. ಅಂಜಿನಮ್ಮನ ಬೋಳುನೆತ್ತಿ ಅವನ ಕಣ್ಣಿಗೆ ಕಟ್ಟಿತು. ಅವನು ಮೊಣಕೈಯೂರಿ ಎದ್ದು ಕೂತ. ಹುಟ್ಟಿದಾಗಿನಿಂದ ಯಾವ ಸಾಹುಕಾರನನ್ನೂ ಅವನು ಏಕವಚನದಲ್ಲಿ ಕರೆದವನಲ್ಲ.

"ಸುರಿಯಲ್ಲ ಕಣಯ್ಯಾ," ಎಂದ. "ಬೇಕಿದ್ರೆ ನೀನೇ ಇಳಿದು ಸುರಿ."