ಬಿಟ್ಟುಹೋದ ಒಂದು ಕೊಂಡಿ

ಬಾಗಿಲು ತೆರೆದ ಪ್ರಿಯದರ್ಶಿನಿ ಹಾಗೆಯೇ ನಿಂತುಬಿಟ್ಟಳು.

ಹೊಸ್ತಿಲಾಚೆ ಶಿವಪುತ್ರ ನಿಂತಿದ್ದ. ಎರಡು ವರ್ಷದ ಹಿಂದೆ ಇದೇ ಮನೆಗೆ ಹಿರಿಯರ ಜೊತೆ ಬಂದು, ಅವಳನ್ನು ನೋಡಿ, ತಟ್ಟೆ ತುಂಬ ಅವಲಕ್ಕಿ ತಿಂದು, "ವಾರದಾಗ ಸುದ್ದಿ ಕಳಸ್ತೇವ್ರಿ" ಎಂದು ಹೋದವನು. ಆ ವಾರ ಇನ್ನೂ ಮುಗಿದಿರಲಿಲ್ಲ!

"ರಾಜ್ಯೋತ್ಸವ ಕಮಿಟಿಯವ್ರು ಕಳಿಸ್ಯಾರ್ರಿ... ಸೆರಗು ಕೂಡಸಾಕ" ಎಂದ, ನೆಲ ನೋಡುತ್ತ.

ಬಾಗಿಲು ಹಾಕಿಬಿಡಲೇ ಎನಿಸಿತು ಅವಳಿಗೆ. ಆದರೆ ಹಾಕುವಂತಿರಲಿಲ್ಲ. ಅದು ಎರಡು ಸಾವಿರದ ಆರನೇ ಇಸವಿ, ಅಕ್ಟೋಬರ್ ಇಪ್ಪತ್ತೆಂಟು. ಕರ್ನಾಟಕ ಒಂದಾಗಿ ಐವತ್ತು ವರ್ಷ ತುಂಬುವುದಕ್ಕೆ ನಾಲ್ಕೇ ದಿನ ಬಾಕಿ. ಇಳಕಲ್ಲಿನ ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಗೆ ಉಡಿಸಬೇಕಾದ ಹಳದಿ ಒಡಲು, ಕೆಂಪು ಸೆರಗಿನ ಸೀರೆ ಇವರ ಮನೆಯ ಮಗ್ಗದ ಮೇಲೇ ಇತ್ತು. ಅವಳ ಅಪ್ಪ ಚಂದ್ರಶೇಖರಪ್ಪನವರೇ ಕಮಿಟಿಯ ಅಧ್ಯಕ್ಷರು.

ಒಡಲು ನೇಯ್ದು ಮುಗಿದಿತ್ತು. ಇಳಕಲ್ ಸೀರೆಗೆ ಸೆರಗಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ. ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು, ಇಬ್ಬರು ಎದುರುಬದುರು ಕೂತು. ಇಷ್ಟು ವರ್ಷ ಆ ಕೆಲಸ ಅಜ್ಜಿ ರತ್ನಾಬಾಯಿಯದು. ಹೋದ ವಾರ ಕಣ್ಣಿನ ಆಪರೇಶನ್ ಆಗಿ ಆಕೆ ಕರಿ ಕನ್ನಡಕ ಹಾಕಿಕೊಂಡು ಮೂಲೆಯ ಮಂಚ ಹಿಡಿದಿದ್ದಳು. ಅಪ್ಪ ಹುನಗುಂದಕ್ಕೆ ಮೀಟಿಂಗಿಗೆ ಹೋಗಿದ್ದರು. ಚಲೋ ಕೈಯವನನ್ನು ಕಳಿಸಿ ಎಂದಿದ್ದರಂತೆ. ಹಳೆಯ ಕಥೆ ಗೊತ್ತಿಲ್ಲದ ಕಮಿಟಿಯವರು ದೋಟಿಹಾಳದ ಈ ಹುಡುಗನನ್ನೇ ಹುಡುಕಿ ಕಳಿಸಿದ್ದರು.

"ಬರ್ರಿ" ಎಂದಳು.

ಅವಳು ಎಳೆ ಕೊಡಬೇಕು, ಅವನು ಕೊಂಡಿ ಹಾಕಬೇಕು. ಒಂದು ತಾಸು ಕೆಲಸ ಹೀಗೇ ಸಾಗಿತು. ಎಳೆ ಕೊಡುವಾಗ ಬೆರಳಿಗೆ ಬೆರಳು ತಾಗದಂತೆ ನೋಡಿಕೊಳ್ಳುವುದೇ ಅವಳಿಗೊಂದು ದೊಡ್ಡ ಕೆಲಸವಾಯಿತು.

ಕೇಳಲೇ...? ಬೇಡ. ಆದರೆ ಕೇಳದಿದ್ದರೆ ಸಂಜೆ ಇವನು ಎದ್ದು ಹೋಗುತ್ತಾನೆ. ಎರಡನೇ ತಾರೀಖು ಬಾದಾಮಿಯವರು ತನ್ನನ್ನು ನೋಡಲು ಬರುತ್ತಾರೆ. ಅಪ್ಪ ಹೂಂ ಎನ್ನುತ್ತಾರೆ. ಅಲ್ಲಿಗೆ ಎಲ್ಲ ಮುಗಿಯಿತು.

"ಒಂದ್ ಮಾತ್ ಕೇಳ್ಲೇನ್ರಿ?" ಎಂದೇಬಿಟ್ಟಳು. "ಸುದ್ದಿ ಕಳಸ್ತೇವಿ ಅಂದಿದ್ರಿ."

ಅವನು ತಲೆ ಎತ್ತಿದ. "ಕಳಿಸಿದ್ವಲ್ಲ? ನಮಗ ಒಪ್ಪಿಗಿ ಐತಿ ಅಂತ ನಾಕನೇ ದಿನಕ್ಕಽ ಹೇಳಿ ಕಳಿಸಿದ್ವಿ."

"ಮತ್ತ?"

"ಹುಡುಗಿ ಒಲ್ಲೆ ಅಂದಾಳ ಅಂತ ನಿಮ್ಮಪ್ಪಾರು ಹೇಳಿ ಕಳಿಸಿದ್ರು."

ಅವಳ ಕೈ ಅಲ್ಲೇ ನಿಂತಿತು. ನಾನು ಒಲ್ಲೆ ಅಂದೆನೇ? ಯಾವಾಗ? ಪ್ರತಿ ದಿನ ಅಂಚೆಯವನ ಸೈಕಲ್ ಗಂಟೆಗೆ ಹೊರಗೆ ಓಡಿ ಬಂದವಳು ನಾನಲ್ಲವೇ...

"ನಾ ಹಂಗ ಅಂದಿಲ್ರಿ" ಎಂದಳು.

ಅವನು ಕೈಯಲ್ಲಿದ್ದ ಎಳೆ ಕೆಳಗಿಟ್ಟ. "ಎರಡ್ ವರ್ಷ ಅದನ್ನಽ ಯೋಚನಿ ಮಾಡೇನ್ರಿ. ಅವಲಕ್ಕಿ ಭಾಳ ತಿಂದ್ನೇನೋ ಅಂತ."

ಅಳು ಬಂದಿತ್ತು, ನಗುವೂ ಬಂತು. ಎರಡನ್ನೂ ನುಂಗಿಕೊಂಡು ಅವಳು ಕೈಗೆ ಸಿಕ್ಕ ಎಳೆ ಕೊಟ್ಟಳು.

ಸಂಜೆ ಕೆಲಸ ಮುಗಿಸಿ ಅವನು ಹೊರಟ. ಬಾಗಿಲಲ್ಲಿ ಒಂದು ಕ್ಷಣ ನಿಂತ. "ನಿಮ್ಮಪ್ಪಾರಿಗೆ ಬ್ಯಾಡಾದವ ನಾ. ಯಾವ ಮಾರಿ ಇಟ್ಕೊಂಡು ಕೇಳ್ಲಿ?" ಎಂದು ಚಪ್ಪಲಿ ಮೆಟ್ಟಿ ನಡೆದೇಬಿಟ್ಟ. ಅವಳು ಒಳಗೂ ಹೋಗದೆ ಹೊರಗೂ ಬಾರದೆ ಹೊಸ್ತಿಲ ಮೇಲೇ ಉಳಿದಳು.

ದೀಪ ಹಚ್ಚುವ ಹೊತ್ತಿಗೆ ಅಪ್ಪ ಬಂದರು. ಕೈಕಾಲು ತೊಳೆದವರೇ ಮಗ್ಗದ ಮುಂದೆ ಕೂತು ಕೂಡಿಸಿದ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತ ಹೋದರು. ಸೆರಗು ನೇಯುವ ಮುಂಚೆ ಅವರು ಹೀಗೆ ಸವರದೆ ಬಿಟ್ಟವರಲ್ಲ. ನಡುವೆ ಬೆರಳು ತಡೆಯಿತು.

"ಇಲ್ಲೊಂದು ಕೊಂಡಿ ಬಿಟ್ಟೈತಿ. ಎತ್ಲಾಗ ಇತ್ತು ಲಕ್ಷ್ಯ?"

ಪ್ರಿಯದರ್ಶಿನಿ ಮಗ್ಗದ ಹತ್ತಿರ ಬಂದಳು. ಈಗ ಆಡದಿದ್ದರೆ ಇನ್ನೆಂದೂ ಆಡುವುದಿಲ್ಲ.

"ಅಪ್ಪಾ, ಆ ಎಳೀಗೆ ಬಂದಾಗಽ ನನಗ ಗೊತ್ತಾತು. ನಾ ಒಲ್ಲೆ ಅಂದೆ ಅಂತ ದೋಟಿಹಾಳದವ್ರಿಗೆ ನೀ ಹೇಳಿದ್ದು. ಇವತ್ತು ಸೆರಗು ಕೂಡಸಾಕ ಬಂದಾವ ಆ ಶಿವಪುತ್ರನಽ. ನಾ ಒಲ್ಲೆ ಅಂದಿರ್ಲಿಲ್ಲ. ಈಗೂ ಅನ್ನೂದಿಲ್ಲ."

ಚಂದ್ರಶೇಖರಪ್ಪನವರ ಬೆರಳು ಆ ಜಾಗ ಬಿಟ್ಟು ಏಳಲಿಲ್ಲ. ಏಕೀಕರಣದ ಮೇಲೆ ಮಾಡಬೇಕಾದ ಎರಡು ಪುಟದ ಭಾಷಣ ಅವರ ಜೇಬಿನಲ್ಲೇ ಇತ್ತು, ಪಾಪ.

"ದೋಟಿಹಾಳ ಅಂದ್ರ ಮೊಗಲಾಯಿ, ಹಿಂದ ನಿಜಾಮನ ಸೀಮಿ" ಎಂದರು ಕಡೆಗೆ. "ಅಲ್ಲಿಗೆ ಹೆಣ್ಣು ಕೊಡಬ್ಯಾಡ ಅಂತ ನಾ ಸಣ್ಣಾವಿದ್ದಾಗಿಂದ ಅವ್ವ ಹೇಳ್ತಿದ್ದಳು. ಅದನ್ನ ಅವ್ರ ಮುಂದ ಹೇಳಾಕ ನಾಚಿಕಿ ಆತು. ನಿನ್ನ ಮ್ಯಾಲೆ ಹಾಕಿದೆ."

ಮೂಲೆಯ ಮಂಚ ಕಿರುಗುಟ್ಟಿತು.

"ಹೇಳಿದ್ದು ಖರೆ" ಎಂದಳು ರತ್ನಾಬಾಯಿ. "ನನ್ನ ತವರು ಆ ಕಡಿದಽ ಅಲ್ಲೇನು? ನಿಜಾಮನ ಗಲಾಟಿ ದಿನದಾಗ ನಮ್ಮಪ್ಪ ಸತ್ತ. ಗಡಿ ನಾಕಾದಾಗ ನನ್ನ ಗಾಡಿ ನಿಂದರ್ಸಿದ್ರು. ಅಪ್ಪನ ಮಾರಿ ನೋಡಾಕ ಆಗ್ಲಿಲ್ಲ. ಆ ಸಂಕಟದಾಗ ಅಂದೆ, ಆ ಕಡಿಗೆ ಹೆಣ್ಣು ಕೊಡಬಾರ್ದು ಅಂತ."

ಆಕೆ ಕನ್ನಡಕದ ಕೆಳಗೆ ಬೆರಳು ಹಾಕಿ ಕಣ್ಣು ಒರೆಸಿಕೊಂಡಳು.

"ಮುಂದ ಐವತ್ತಾರನೇ ಇಸ್ವಿ ನವೆಂಬರ್ ಒಂದು. ಮುಂಬೈ ಕಡ್ಯಾವ್ರು, ಹೈದರಾಬಾದ ಕಡ್ಯಾವ್ರು, ಮೈಸೂರಾವ್ರು ಎಲ್ಲಾ ಒಂದಽ ರಾಜ್ಯ ಆದ್ರು ಅಂತ ಊರಾಗ ಪೇಡೆ ಹಂಚಿದ್ರು. ನಿನಗ ಹತ್ತು ವರ್ಷ. ನಿನ್ನ ಕೈ ಹಿಡ್ಕೊಂಡು ತವರಿಗೆ ಹೋದೆ ಚಂದ್ರಶೇಖರಾ. ಎಲ್ಲಿ ಹೊಂಟಿ ಅಂತ ಯಾರೂ ಕೇಳ್ಲಿಲ್ಲ. ಅವತ್ತಽ ಆ ಮಾತು ವಾಪಸ್ ತಗೋಬೇಕಿತ್ತು... ಮರ್ತೆ."

ಮರುದಿನ ಬೆಳಿಗ್ಗೆ ದೋಟಿಹಾಳಕ್ಕೆಂದು ಕುಷ್ಟಗಿ ಕಡೆಯ ಮೊದಲ ಬಸ್ಸಿಗೆ ಚಂದ್ರಶೇಖರಪ್ಪನವರು ಹತ್ತಿದರು. ಯಾರಿಗೂ ಹೇಳಲಿಲ್ಲ. ಬಿಟ್ಟ ಕೊಂಡಿ ಹಾಕಲು ಶಿವಪುತ್ರನನ್ನು ಜೊತೆಗೇ ಕರೆತಂದರು. ಬಾದಾಮಿಯವರಿಗೆ ಬರಬೇಡಿ ಎಂದು ಫೋನ್ ಮಾಡಿದ್ದೂ ಅವರೇ.

ಒಂದನೇ ತಾರೀಖು ಬಸ್ ಸ್ಟ್ಯಾಂಡ್ ಮುಂದೆ ಕಾಲಿಡಲು ಜಾಗವಿರಲಿಲ್ಲ. ಡೊಳ್ಳು, ಬಾವುಟ, ಶಾಲೆ ಮಕ್ಕಳ ಲೇಜಿಮ್ ಕುಣಿತ. ಸಿಂಗರಿಸಿದ ಟ್ರ್ಯಾಕ್ಟರ್ ಮೇಲೆ ಭುವನೇಶ್ವರಿ, ಮೈಮೇಲೆ ಹಳದಿ ಸೀರೆ, ಎದೆಯ ಮೇಲೆ ಕೆಂಪು ಸೆರಗು.

"ಕೊಂಡಿ ಬಿಟ್ಟಿದ್ದು ಯಾವ ಜಾಗಾ ಅಂತ ಈಗ ಗೊತ್ತಾಗೂದಽ ಇಲ್ಲ" ಎಂದ ಪಕ್ಕದಲ್ಲಿ ನಿಂತಿದ್ದ ಶಿವಪುತ್ರ. "ಎಂದೂ ತಪ್ಪಿದ ಕೈ ಅಲ್ಲ ನಂದು. ಅವತ್ತು ಹೆಂಗ ತಪ್ಪಿತೋ..."

"ನಿಮ್ಮ ಕೈ ತಪ್ಪಲಿಲ್ಲ. ನಾನಽ ಎಳಿ ಬಿಟ್ಟು ಮುಂದಿಂದು ಕೊಟ್ಟೆ."

"ಬೇಕಂತನಽ?"

"ಮೊದಲು ಗೊತ್ತಾಗದಽ ಬಿಟ್ಟೆ. ಆಮ್ಯಾಲೆ ಕಂಡ್ತು." ಅವಳು ಸೀರೆಯ ಮೇಲಿನ ಕಣ್ಣು ತೆಗೆಯಲಿಲ್ಲ. "ಹೇಳಿದ್ರ ನೀವು ಕೂಡಿಸಿ ಎದ್ದು ಹೋಗ್ತಿದ್ರಿ. ಅಪ್ಪನ ಮುಂದ ಮಾತು ತಗ್ಯಾಕ ನನಗ ಧೈರ್ಯ ಇರ್ಲಿಲ್ಲ. ಅವನ ಬೆರಳಿಗೆ ಸಿಗ್ಲಿ, ಅವನಽ ಕೇಳ್ಲಿ ಅಂತ ಸುಮ್ಮನಿದ್ದೆ."

ಅವನು ಅವಳನ್ನೇ ನೋಡುತ್ತ ನಿಂತ. "ಇನ್ ಮ್ಯಾಲೆ ಏನಿದ್ರೂ ನನ್ನ ಮುಂದ ಬಾಯಿಬಿಟ್ಟು ಹೇಳಬೇಕು ನೀ" ಎಂದ. ಮೊದಲ ಸಲ 'ನೀ' ಎಂದಿದ್ದ. ಅವಳ ಕೆನ್ನೆ ಬಿಸಿಯಾಯಿತು.

"ಈಗ ಒಂದು ಹೇಳ್ಲೇನು?"

"ಹೇಳು."

"ನಿಮ್ಮ ಹಿರ್ಯಾರು ನಮ್ಮ ಮನ್ಯಾಗ ಕುಂತಾರ. ಅವಲಕ್ಕಿ ಮಾಡಿಟ್ಟು ಬಂದೀನಿ... ಈ ಸಲ ಎಷ್ಟಾದ್ರೂ ತಿನ್ರಿ."